ಪ್ಯಾಕೇಜ್ ಕಾಯುವ ಕೆಲಸಕ್ಕೂ ಮಾರ್ಕ್ಸ್ ಕೊಡಿ

ಲಿನಕ್ಸ್ ಇರುವ ಲ್ಯಾಬಿನ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆದು ‘ಆಪ್ಟ್ ಇನ್‌ಸ್ಟಾಲ್’ ಅಂತ ಬರೆದು, ಮುಂದೆ ಬೇಕಾದ ತಂತ್ರಾಂಶದ ಹೆಸರು ಹಾಕಿ ಎಂಟರ್ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಬಂದು ಕೂರುತ್ತದೆ. ಆಕ್ಟೇವ್ ಬೇಕಾ, ಬಂತು. ಕೀಕ್ಯಾಡ್ ಬೇಕಾ, ಬಂತು. ಎನ್‌ಜಿಸ್ಪೈಸ್ ಬೇಕಾ, ಅದೂ ಬಂತು. ದುಡ್ಡು ಕೇಳಲ್ಲ, ಲೈಸೆನ್ಸ್ ಕೀ ಕೇಳಲ್ಲ, ತಿಂಗಳಾದ ಮೇಲೆ ‘ನಿಮ್ಮ ಟ್ರಯಲ್ ಮುಗಿಯಿತು’ ಅನ್ನಲ್ಲ. ನಾಲ್ಕು ವರ್ಷ ಇದನ್ನೇ ಬಳಸಿ ಡಿಗ್ರಿ ತಗೊಂಡು ಹೋಗ್ತೇವೆ.

ಈ ತಂತ್ರಾಂಶಗಳನ್ನು ಬರೆದವರು ಯಾರು ಅಂತ ಕೇಳಿದರೆ ಕೆಲವರಾದರೂ ಉತ್ತರ ಕೊಡ್ತಾರೆ. ಬರೆದವರ ಮನೆಯಿಂದ ನಮ್ಮ ಲ್ಯಾಬಿನವರೆಗೆ ಅದನ್ನು ತಂದು ಮುಟ್ಟಿಸಿದವರು ಯಾರು ಅಂತ ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡ್ತಾರೆ. ಮುಟ್ಟಿಸಿದವರಿಗೆ ಪ್ಯಾಕೇಜ್ ಮೇಂಟೇನರ್ ಅಂತ ಹೆಸರು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೇವೆ. ಇದು ಅಪ್ಪಟ ಇಂಜಿನಿಯರಿಂಗ್ ಕೆಲಸ. ನಮ್ಮ ಕಾಲೇಜುಗಳು ಇದನ್ನು ಪ್ರಾಜೆಕ್ಟ್ ಎಂದು ಒಪ್ಪಬೇಕು. ಕೊನೆಪಕ್ಷ ಕನ್ನಡಕ್ಕೆ ಸಂಬಂಧಪಟ್ಟ ಪ್ಯಾಕೇಜ್‌ಗಳನ್ನಾದರೂ ಕನ್ನಡ ಓದಲು ಬರುವ ನಾವು ನೋಡಿಕೊಳ್ಳಬೇಕು.

ಉದಾಹರಣೆಗೆ ಡೆಬಿಯನ್ ತಗೊಳ್ಳೋಣ. 1993ರ ಆಗಸ್ಟ್‌ನಲ್ಲಿ ಇದನ್ನು ಶುರು ಮಾಡಿದ ಇಯಾನ್ ಮರ್ಡಾಕ್ ಆಗ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. (ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಸೇರಿಸಿ ಡೆಬಿಯನ್ ಅಂತ ಇಟ್ಟ. ನಮ್ಮವರು ಬೆಂಚಿನ ಮೇಲೆ ಕೆತ್ತಿ ಸುಮ್ಮನಾಗ್ತಾರೆ.) 2025ರ ಆಗಸ್ಟ್‌ನಲ್ಲಿ ಬಂದ ಇದರ 13ನೇ ಆವೃತ್ತಿಯಲ್ಲಿ 69,830 ಪ್ಯಾಕೇಜ್‌ಗಳಿವೆ. ಅಧಿಕೃತ ಡೆವಲಪರ್‌ಗಳ ಸಂಖ್ಯೆ ಸುಮಾರು ಒಂದು ಸಾವಿರ. ಅವರ ಜೊತೆ ಸಣ್ಣಪುಟ್ಟ ಕೈ ಜೋಡಿಸುವವರು ಇನ್ನೂ ಇದ್ದಾರೆ. ಬಹುಪಾಲು ಜನಕ್ಕೆ ಈ ಕೆಲಸಕ್ಕೆ ಸಂಬಳ ಇಲ್ಲ. ನಮ್ಮಲ್ಲಿ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿರುವ ಉಬುಂಟು ಕೂಡ ತನ್ನ ಪ್ಯಾಕೇಜ್‌ಗಳಲ್ಲಿ ಬಹುಪಾಲನ್ನು ಡೆಬಿಯನ್‌ನಿಂದಲೇ ತಗೊಳ್ಳೋದು.

ಹಾಗಾದರೆ ಈ ಮೇಂಟೇನರ್ ದಿನವಿಡೀ ಏನು ಮಾಡ್ತಾರೆ? ‘ಜಿಪ್ ಫೈಲ್ ಮಾಡಿ ಹಾಕ್ತಾರೆ ಅಷ್ಟೇ ಅಲ್ವಾ’ ಅಂತ ನಮ್ಮ ಕ್ಲಾಸಿನಲ್ಲೇ ಒಬ್ಬರು ಕೇಳಿದ್ದರು.

ಮೂಲ ಲೇಖಕರನ್ನು ಈ ಲೋಕದಲ್ಲಿ ಅಪ್‌ಸ್ಟ್ರೀಮ್ ಅಂತಾರೆ, ಹೊಳೆಯ ಮೇಲ್ಗಡೆಯವರು ಅಂತ ಅರ್ಥ. ಅವರು ತಮ್ಮ ಕೋಡನ್ನು ತಮ್ಮ ಯಂತ್ರದಲ್ಲಿ ಓಡಿಸಿ ಬಿಡುಗಡೆ ಮಾಡ್ತಾರೆ. ಅದನ್ನು ಮೇಂಟೇನರ್ ತಂದು ಪಕ್ಕದಲ್ಲಿ ‘ಡೆಬಿಯನ್’ ಅನ್ನೋ ಒಂದು ಫೋಲ್ಡರ್ ಇಡ್ತಾರೆ. ಅದರಲ್ಲಿ ‘ಕಂಟ್ರೋಲ್’ ಎಂಬ ಕಡತ: ಇದು ಯಾವ ತಂತ್ರಾಂಶ, ನಡೆಯಲು ಇನ್ಯಾವ ಲೈಬ್ರರಿಗಳು ಬೇಕು, ಕಟ್ಟಲು ಏನು ಬೇಕು. ‘ರೂಲ್ಸ್’ ಎಂಬ ಕಡತ: ಹೇಗೆ ಕಟ್ಟಬೇಕು. ‘ಚೇಂಜ್‌ಲಾಗ್’: ಯಾವತ್ತು ಯಾರು ಏನು ಬದಲಿಸಿದರು. ‘ಕಾಪಿರೈಟ್’ ಕಡತವಂತೂ ತಾಳ್ಮೆಯ ಪರೀಕ್ಷೆ. ಆ ತಂತ್ರಾಂಶದ ಪ್ರತಿಯೊಂದು ಫೈಲನ್ನು ಯಾರು ಬರೆದರು, ಯಾವ ಲೈಸೆನ್ಸಿನಲ್ಲಿ ಕೊಟ್ಟಿದ್ದಾರೆ ಅಂತ ನೋಡಿ ಬರೆಯಬೇಕು. ಎಲ್ಲೋ ಮೂಲೆಯಲ್ಲಿ ಒಂದು ಐಕಾನ್ ಚಿತ್ರ ‘ವಾಣಿಜ್ಯ ಬಳಕೆಗೆ ಅಲ್ಲ’ ಅಂತಿದ್ದರೆ ಇಡೀ ಪ್ಯಾಕೇಜ್ ಡೆಬಿಯನ್‌ನ ಮುಖ್ಯ ಭಾಗಕ್ಕೆ ಸೇರುವ ಹಾಗಿಲ್ಲ. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಗೂಗಲ್‌ನಿಂದ ಚಿತ್ರ ಎತ್ತಿ ಅಂಟಿಸುವವರಿಗೆ ಇದು ಬೇರೆ ಗ್ರಹದ ಮಾತು ಅನ್ನಿಸಬಹುದು.

ಆಮೇಲೆ ಅದು ನಮ್ಮ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಮಾತ್ರ ನಡೆದರೆ ಸಾಲದು. ಆರ್ಮ್ ಬೋರ್ಡಿನಲ್ಲಿ, ಈಗ ರಿಸ್ಕ್-ಫೈವ್‌ನಲ್ಲಿ, ಐಬಿಎಮ್‌ನ ದೊಡ್ಡ ಮೇನ್‌ಫ್ರೇಮಿನಲ್ಲಿ ಕೂಡ ಕಟ್ಟಬೇಕು. ಆ ಮೇನ್‌ಫ್ರೇಮ್ ಬಿಗ್-ಎಂಡಿಯನ್. ಮೂರನೇ ಸೆಮಿಸ್ಟರಿನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಶಬ್ದ, ಅಲ್ವಾ? ಬೈಟ್‌ಗಳ ಕ್ರಮವನ್ನು ತಪ್ಪಾಗಿ ಊಹಿಸಿ ಬರೆದ ಕೋಡ್ ಅಲ್ಲಿ ಒಡೆಯುತ್ತದೆ, ವರದಿ ಮೇಂಟೇನರ್‌ಗೆ ಬರುತ್ತದೆ. ಅವರು ಕಾರಣ ಹುಡುಕಿ, ತೇಪೆ ಹಾಕಿ, ಆ ತೇಪೆಯನ್ನು ಮೂಲ ಲೇಖಕರಿಗೆ ಕಳಿಸಿ, ಅವರು ಒಪ್ಪುವವರೆಗೆ ತಮ್ಮಲ್ಲೇ ಇಟ್ಟುಕೊಂಡು ಪ್ರತಿ ಹೊಸ ಆವೃತ್ತಿಗೂ ಮತ್ತೆ ಹೊಂದಿಸ್ತಾ ಇರಬೇಕು.

ಸ್ಟೇಬಲ್ ಅಂತ ಒಮ್ಮೆ ಬಿಡುಗಡೆ ಆದ ಮೇಲೆ ಇನ್ನೊಂದು ಫಜೀತಿ. ಅಲ್ಲಿ ಸಾಮಾನ್ಯವಾಗಿ ಹೊಸ ಆವೃತ್ತಿ ಹಾಕುವ ಹಾಗಿಲ್ಲ, ನಡೆಯುತ್ತಿರುವುದನ್ನು ಮುರಿಯಬಾರದು. ಭದ್ರತೆಯ ದೋಷ ಸಿಕ್ಕರೆ ಆ ದೋಷಕ್ಕೆ ಬೇಕಾದ ನಾಲ್ಕು ಸಾಲನ್ನು ಮಾತ್ರ ಹೊಸ ಕೋಡಿನಿಂದ ಬಿಡಿಸಿ, ಎರಡು ವರ್ಷ ಹಳೆಯ ಕೋಡಿಗೆ ಕಸಿ ಕಟ್ಟಬೇಕು. ಇದರಿಂದ ಮೂಲ ಲೇಖಕರಿಗೆ ಸಿಟ್ಟು ಬರುವುದೂ ಉಂಟು. ಎಕ್ಸ್‌ಸ್ಕ್ರೀನ್‌ಸೇವರ್ ಬರೆದ ಜೇಮಿ ಜವಿನ್‌ಸ್ಕಿ, ಜನ ಹಳೇ ಆವೃತ್ತಿಯ ಬಗ್‌ಗಳಿಗೆ ತನ್ನನ್ನು ಕಾಡ್ತಾರೆ ಅಂತ ಬೇಸತ್ತು, ಹಳತಾದರೆ ತಾನೇ ಎಚ್ಚರಿಕೆ ತೋರಿಸುವ ಕೋಡ್ ಸೇರಿಸಿದ್ದರು. 2016ರಲ್ಲಿ ಡೆಬಿಯನ್‌ನವರು ಆ ಎಚ್ಚರಿಕೆಯನ್ನು ತೆಗೆಯುವ ಮಾತಾಡಿದಾಗ, ಹಾಗಾದರೆ ನನ್ನ ತಂತ್ರಾಂಶವನ್ನೇ ತೆಗೆದುಹಾಕಿ ಅಂದರು. ಇಬ್ಬರದ್ದೂ ಸರಿ ಅಂತ ನಮಗೆ ಅನ್ನಿಸ್ತದೆ. ಇಂಥ ಜಗಳದ ನಡುವೆ ನಿಂತು ಎರಡೂ ಕಡೆ ಬೈಸಿಕೊಳ್ಳೋದು ಮೇಂಟೇನರ್‌ನ ಹಣೆಬರಹ.

ಇಷ್ಟೆಲ್ಲ ಮಾಡುವವರು ಒಂದು ದಿನ ಸುಮ್ಮನಾದರೆ? ಮೊದಲು ಏನೂ ಆಗಲ್ಲ. ತಂತ್ರಾಂಶ ಹಾಗೇ ನಡೆಯುತ್ತದೆ. ಆಮೇಲೆ ಸುತ್ತಲಿನದ್ದು ಬದಲಾಗುತ್ತದೆ. ಪೈಥಾನ್ 2ಕ್ಕೆ 2020ರ ಜನವರಿಯಲ್ಲಿ ಬೆಂಬಲ ನಿಂತಿತು. ಅದನ್ನು ನಂಬಿದ್ದ ಪ್ಯಾಕೇಜ್‌ಗಳಲ್ಲಿ ನೋಡಿಕೊಳ್ಳುವವರಿದ್ದವು ಪೈಥಾನ್ 3ಕ್ಕೆ ಬಂದವು. ಎಷ್ಟೋ ಪ್ಯಾಕೇಜ್‌ಗಳನ್ನು ಕಿತ್ತುಹಾಕಲಾಯಿತು. 13ನೇ ಆವೃತ್ತಿಯಲ್ಲಿ ಹೊಸದಾಗಿ ಸೇರಿದ ಹದಿನಾಲ್ಕು ಸಾವಿರ ಪ್ಯಾಕೇಜ್‌ಗಳ ಸುದ್ದಿಯ ಜೊತೆಗೇ, ಬಳಕೆ ತಪ್ಪಿದವು ಎಂದು ತೆಗೆದವು 8,800ಕ್ಕೂ ಹೆಚ್ಚು ಅಂತಲೂ ಇದೆ. ಮೇಂಟೇನರ್ ಬಿಟ್ಟುಹೋದ ಪ್ಯಾಕೇಜನ್ನು ಡೆಬಿಯನ್‌ನಲ್ಲಿ ‘ಅನಾಥ’ ಅಂತಲೇ ಕರೆಯೋದು. ಅಂಥವುಗಳ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಇದೆ, ಯಾರು ಬೇಕಾದರೂ ಓದಬಹುದು. ಒಮ್ಮೆ ಓದಿ ನೋಡಿ.

ನಿರ್ವಹಣೆ ಅಂದರೆ ಗುಮಾಸ್ತಿಕೆ ಅಂತ ತಿಳಿದವರಿಗೆ 2024ರ ಮಾರ್ಚ್ ಕೊನೆಯ ವಾರದ ಕತೆ ಹೇಳಬೇಕು. ಎಕ್ಸ್‌ಝಡ್ ಅಂತ ಫೈಲುಗಳನ್ನು ಕುಗ್ಗಿಸುವ ಒಂದು ಸಾಧನ. ಲಿನಕ್ಸ್ ಇರುವ ಕಡೆಯೆಲ್ಲ ಇದೆ ಅಂದರೂ ತಪ್ಪಿಲ್ಲ. ಅದನ್ನು ವರ್ಷಗಟ್ಟಲೆ ನೋಡಿಕೊಂಡಿದ್ದವರು ಮುಖ್ಯವಾಗಿ ಒಬ್ಬರೇ, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ. 2022ರ ಹೊತ್ತಿಗೆ ಅವರಿಗೆ ಸಂದೇಶಗಳು ಬರತೊಡಗಿದವು: ಯಾಕೆ ತಡ, ನಿಮಗೆ ಆಗದಿದ್ದರೆ ಬೇರೆಯವರಿಗೆ ಕೊಡಿ. ತನ್ನ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ದುಡ್ಡಿಲ್ಲದ ಹವ್ಯಾಸದ ಕೆಲಸ ಎಂದು ಅವರು ಉತ್ತರಿಸಿದರು. ಒತ್ತಡ ನಿಲ್ಲಲಿಲ್ಲ. ಅದೇ ಹೊತ್ತಿಗೆ ‘ಜಿಯಾ ಟ್ಯಾನ್’ ಎಂಬ ಹೆಸರಿನವರೊಬ್ಬರು ಚೆಂದದ ತೇಪೆಗಳನ್ನು ಕಳಿಸುತ್ತಾ, ವಿನಯವಾಗಿ ಕೆಲಸ ಮಾಡುತ್ತಾ ಹತ್ತಿರವಾದರು, ಕಡೆಗೆ ಸಹ ನಿರ್ವಾಹಕರಾದರು. ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 2024ರ ಫೆಬ್ರವರಿಯ 5.6.0 ಆವೃತ್ತಿಯಲ್ಲಿ ಹಿಂಬಾಗಿಲು ಇಟ್ಟರು. ಒತ್ತಡ ಹಾಕಿದ ಆ ಬೇರೆ ಬೇರೆ ಹೆಸರುಗಳೂ ಇದೇ ಸಂಚಿನ ಭಾಗ ಅಂತ ಈಗ ಬಹುತೇಕರ ಅಭಿಪ್ರಾಯ.

ಅದರ ಜಾಣತನ ನೋಡಿ. ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ಅದನ್ನು ಚಾಲೂ ಮಾಡುವ ತುಣುಕು ಇರಲೇ ಇಲ್ಲ. ವಿತರಣೆಗಳು ತಗೊಳ್ಳುವ ಬಿಡುಗಡೆಯ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಗುರಿ ಎಸ್‌ಎಸ್‌ಎಚ್, ಅಂದರೆ ಸರ್ವರ್‌ಗಳಿಗೆ ದೂರದಿಂದ ಲಾಗಿನ್ ಆಗುವ ದಾರಿ. ಮೂಲ ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ನಂಟೇ ಇಲ್ಲ. ಡೆಬಿಯನ್, ಫೆಡೋರಾ ಮುಂತಾದವು ಸಿಸ್ಟಮ್‌ಡಿ ಜೊತೆ ಹೊಂದಿಸಲು ತಾವೇ ಹಾಕಿಕೊಂಡ ಒಂದು ತೇಪೆಯಿಂದ ಆ ನಂಟು ಹುಟ್ಟಿತ್ತು. ಮೇಂಟೇನರ್ ಹಾಕುವ ಸಣ್ಣ ತೇಪೆಗೂ ಎಷ್ಟು ದೂರದವರೆಗೆ ಬೇರು ಇರ್ತದೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್. ಡೆಬಿಯನ್‌ನ ಅನ್‌ಸ್ಟೇಬಲ್ ಯಂತ್ರದಲ್ಲಿ ಬೇರೇನೋ ಅಳೆಯುತ್ತಿದ್ದಾಗ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅವರಿಗೆ ಕಂಡಿತು. ಅರ್ಧ ಸೆಕೆಂಡ್! ನಮ್ಮ ಹಾಸ್ಟೆಲ್ ವೈಫೈನಲ್ಲಿ ಅದು ಗಮನಕ್ಕೇ ಬರಲ್ಲ. ಅವರು ಬಿಡದೆ ಬೆನ್ನುಹತ್ತಿ ಮಾರ್ಚ್ 29ರಂದು ಎಲ್ಲವನ್ನೂ ಬಯಲು ಮಾಡಿದರು. ಹಿಂಬಾಗಿಲು ಆಗಿನ್ನೂ ಡೆಬಿಯನ್ ಸ್ಟೇಬಲ್‌ಗೆ ಬಂದಿರಲಿಲ್ಲ. ಹೊಸದು ಬಂದ ತಕ್ಷಣ ಎಲ್ಲರಿಗೂ ಹಂಚದೆ ಅನ್‌ಸ್ಟೇಬಲ್, ಟೆಸ್ಟಿಂಗ್ ಅಂತ ತಡೆತಡೆದು ಬಿಡುವ ಆ ‘ಹಳೇಕಾಲದ’ ಪದ್ಧತಿ ನಮ್ಮನ್ನು ಉಳಿಸಿತು.

ಮೇಂಟೇನರ್‌ಗಳನ್ನು ದೇವರು ಮಾಡೋದೂ ಬೇಡ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ದೋಷ ಹುಡುಕುವ ವಾಲ್‌ಗ್ರಿಂಡ್ ಎಂಬ ಸಾಧನ ಗೊಣಗುತ್ತಿದೆ ಅಂತ ಕೋಡನ್ನು ಕಾಮೆಂಟ್ ಮಾಡಿಬಿಟ್ಟರು. ಮೂಲ ತಂಡದ ಪಟ್ಟಿಯಲ್ಲಿ ಮೊದಲು ಕೇಳಿಯೂ ಇದ್ದರು, ಯಾರೂ ಗಟ್ಟಿಯಾಗಿ ಬೇಡ ಅನ್ನಲಿಲ್ಲ. ಅದರಿಂದ ಯಾದೃಚ್ಛಿಕ ಸಂಖ್ಯೆಗೆ ಪ್ರೋಸೆಸ್ ಐಡಿ ಒಂದೇ ಮೂಲವಾಗಿ ಉಳಿಯಿತು. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿಗೆ ಸಾಧ್ಯತೆಗಳು ಬರೀ 32,768. ಬಯಲಾಗಿದ್ದು 2008ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಹುಟ್ಟಿದ ಕೀಲಿಗಳನ್ನೆಲ್ಲ ಬಿಸಾಡಬೇಕಾಯಿತು. ಎಚ್ಚರಿಕೆ ಬಂದರೆ ಅದನ್ನು ಬಾಯಿ ಮುಚ್ಚಿಸುವ ಅಭ್ಯಾಸ ನಮ್ಮ ಲ್ಯಾಬ್‌ಗಳಲ್ಲೂ ಧಾರಾಳವಾಗಿ ಇದೆ, ಆದ್ದರಿಂದ ಇದನ್ನು ಇಲ್ಲಿ ಬರೆದೆವು. ಇಷ್ಟು ಹೊಣೆ ಇರುವ ಕೆಲಸಕ್ಕೆ ಒಬ್ಬರ ಬದಲು ನಾಲ್ಕು ಜೊತೆ ಕಣ್ಣು ಬೇಕು.

ಈಗ ಯಾರಿಗೆ ಬೇಕು ಇದೆಲ್ಲ, ಪಿಪ್ ಇದೆ, ಎನ್‌ಪಿಎಂ ಇದೆ, ಲೇಖಕರಿಂದ ನೇರವಾಗಿ ತಗೋಬಹುದು ಅಂತ ವಾದಿಸುವವರಿದ್ದಾರೆ. ನಾವೂ ದಿನಾ ಪಿಪ್ ಬಳಸ್ತೇವೆ. ಆದರೆ 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ತುಣುಕನ್ನು ಅದರ ಲೇಖಕ ಎನ್‌ಪಿಎಂನಿಂದ ಸಿಟ್ಟಿನಲ್ಲಿ ತೆಗೆದುಬಿಟ್ಟಾಗ ಜಗತ್ತಿನ ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳು ಕಟ್ಟಲಾಗದೆ ನಿಂತವು. ಡೆಬಿಯನ್‌ನಲ್ಲಿ ಮೂಲ ಕೋಡಿನ ಪ್ರತಿ ಡೆಬಿಯನ್ ಹತ್ತಿರವೇ ಇರುತ್ತದೆ. ಲೇಖಕ ಮುನಿಸಿಕೊಂಡರೂ ಊಟ ತಪ್ಪಲ್ಲ.

ಇನ್ನು ಕನ್ನಡದ ಮಾತು. ಡೆಬಿಯನ್‌ನಲ್ಲಿ ‘ಗುಬ್ಬಿ’, ‘ನವಿಲು’ ಅಂತ ಎರಡು ಕನ್ನಡ ಫಾಂಟ್‌ಗಳ ಪ್ಯಾಕೇಜ್‌ಗಳಿವೆ, ‘ಲೋಹಿತ್’ ಇದೆ. ಕೀಬೋರ್ಡಿಗೆ ಕೆಜಿಪಿ ವಿನ್ಯಾಸ ಎಂ17ಎನ್ ಪ್ಯಾಕೇಜಿನಲ್ಲಿದೆ. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಕನ್ನಡದ ಪ್ಯಾಕೇಜ್ ಬೇರೆಯೇ ಇದೆ. ಎಲ್ಲವೂ ಆಪ್ಟ್‌ನಲ್ಲಿ ಬರುತ್ತವೆ. ಇವು ಸರಿಯಾಗಿ ನಡೆಯುತ್ತಿವೆ ಅಂತ ಹೇಳುವವರು ಯಾರು?

‘ಕಾರ್ಯ’ ಬರೆದರೆ ನಮಗೆ ಅರ್ಕಾವತ್ತು ಬೇಕು. ‘ರ‍್ಯಾಂಕ್’ ಬರೆದರೆ ರ ಪೂರ್ತಿ ನಿಂತು ಕೆಳಗೆ ಯ ಒತ್ತು ಬರಬೇಕು. ಎರಡೂ ಕಡೆ ಇರುವುದು ರ, ವಿರಾಮ ಚಿಹ್ನೆ, ಯ ಅಷ್ಟೇ. ಎರಡನೆಯದರಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಇದೆ, ಯುನಿಕೋಡಿನವರು ಝಡ್‌ಡಬ್ಲ್ಯೂಜೆ ಅನ್ನುವುದು. ಅಕ್ಷರ ಜೋಡಿಸುವ ಲೈಬ್ರರಿಯ ಹೊಸ ಆವೃತ್ತಿಯಲ್ಲೋ ಫಾಂಟ್ ಕಟ್ಟುವ ಸಾಧನದಲ್ಲೋ ಏನೋ ಬದಲಾಗಿ ಈ ಎರಡು ಅದಲುಬದಲಾದರೆ ಕಂಪ್ಯೂಟರ್ ಎರರ್ ಕೊಡಲ್ಲ. ಪ್ಯಾಕೇಜ್ ಚೆನ್ನಾಗಿಯೇ ಕಟ್ಟುತ್ತದೆ, ಪರೀಕ್ಷೆಗಳೆಲ್ಲ ಹಸಿರು. ಜರ್ಮನಿಯಲ್ಲಿ ಕೂತು ಒಳ್ಳೆಯ ಮನಸ್ಸಿನಿಂದ ನಮ್ಮ ಫಾಂಟ್ ನೋಡಿಕೊಳ್ಳುವ ಒಬ್ಬ ಮೇಂಟೇನರ್‌ಗೆ ‘ಸ್ತ್ರೀ’ ಯಾವುದು, ಒತ್ತು ಬಿದ್ದುಹೋದ ‘ಸ್ತ್ರೀ’ ಯಾವುದು ಹೇಗೆ ಗೊತ್ತಾಗಬೇಕು? ಎರಡೂ ಸುಂದರ ಚಿತ್ರಗಳೇ. ಅದನ್ನು ಹೇಳಲು ಕನ್ನಡ ಓದುವ ಕಣ್ಣೇ ಬೇಕು. ಅಂಥ ಕಣ್ಣು ನಮ್ಮ ಕ್ಲಬ್ಬಿನಲ್ಲೇ ನೂರಾರಿವೆ.

ಪಕ್ಕದ ಕೇರಳದವರನ್ನು ನೋಡಿ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರ ಫಾಂಟ್‌ಗಳು ಒಂದೊಂದಾಗಿ ಡೆಬಿಯನ್‌ನಲ್ಲಿವೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್‌ನಲ್ಲೇ ಕಲೀತಾರೆ. ಡೆಬಿಯನ್‌ನವರ ವಾರ್ಷಿಕ ಸಮ್ಮೇಳನ ಭಾರತಕ್ಕೆ ಮೊದಲ ಸಲ ಬಂದಾಗ, 2023ರ ಸೆಪ್ಟೆಂಬರ್‌ನಲ್ಲಿ, ಅದು ನಡೆದದ್ದು ಕೊಚ್ಚಿಯಲ್ಲಿ. ಐಟಿ ರಾಜಧಾನಿ ಅಂತ ಬೋರ್ಡ್ ಹಾಕಿಕೊಂಡ ನಾವು ಸ್ವಲ್ಪ ಹೊಟ್ಟೆಕಿಚ್ಚು ಪಡಬೇಕಾದ ವಿಷಯ.

ನಮ್ಮಲ್ಲಿ ತೊಡಕು ಎಲ್ಲಿದೆ? ಕೊನೆಯ ವರ್ಷದ ಪ್ರಾಜೆಕ್ಟ್ ಅಂದರೆ ‘ನಾವೆಲ್ಟಿ’ ಬೇಕು. ನಮಗೆ ಗೊತ್ತಿರುವ ಒಂದು ತಂಡ ಹಳೆಯ ತಂತ್ರಾಂಶವೊಂದನ್ನು ಹೊಸ ಲೈಬ್ರರಿಗೆ ಹೊಂದಿಸುವ ಕೆಲಸವನ್ನು ಪ್ರಾಜೆಕ್ಟ್ ಆಗಿ ಇಟ್ಟಾಗ ಮೊದಲ ರಿವ್ಯೂನಲ್ಲೇ ‘ಇದರಲ್ಲಿ ನೀವು ಹೊಸದಾಗಿ ಮಾಡಿದ್ದೇನಮ್ಮಾ?’ ಅಂತ ಪ್ರಶ್ನೆ ಬಂತು. ಆ ತಂಡ ಕಡೆಗೆ ಮುಖ ಗುರುತಿಸಿ ಹಾಜರಿ ಹಾಕುವ ಆಪ್ ಮಾಡಿತು. ಅದೇ ವರ್ಷ ಇನ್ನೂ ಎರಡು ತಂಡಗಳು ಅದನ್ನೇ ಮಾಡಿದ್ದವು. ವೈವಾ ಮುಗಿದ ಮಾರನೇ ದಿನದಿಂದ ಆ ಮೂರೂ ಆಪ್‌ಗಳನ್ನು ಯಾರೂ ತೆರೆದಿಲ್ಲ. ಬೇರೆಯವರು ಬರೆದ ಹತ್ತು ಸಾವಿರ ಸಾಲಿನ ಕೋಡ್ ಓದಿ, ಒಡೆದದ್ದನ್ನು ಹುಡುಕಿ, ಏನೂ ಮುರಿಯದೆ ಸರಿಮಾಡೋದು ಕಂಪನಿಗಳಲ್ಲಿ ನಾವು ಮುಂದೆ ಮಾಡಲಿರುವ ಕೆಲಸವೇ. ಅದಕ್ಕೆ ಕಾಲೇಜಿನಲ್ಲಿ ಮಾರ್ಕ್ಸ್ ಇಲ್ಲ ಅನ್ನೋದು ವಿಚಿತ್ರ.

ಅವಸರದ ಕೊಡುಗೆಯೂ ಬೇಡ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಒಂದು ಟೀಶರ್ಟಿನ ಆಸೆಗೆ ಜನ ಯಾರ್ಯಾರದೋ ಪ್ರಾಜೆಕ್ಟ್‌ನ ರೀಡ್‌ಮಿ ಕಡತಕ್ಕೆ ಒಂದೆರಡು ಶಬ್ದ ಸೇರಿಸಿ ಕಳಿಸಿ ಮೇಂಟೇನರ್‌ಗಳ ಪ್ರಾಣ ತಿಂದರು. ಆಯೋಜಕರು ನಡುವೆಯೇ ನಿಯಮ ಬದಲಿಸಿ, ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಎಂದು ಮಾಡಬೇಕಾಯಿತು. ಡೆಬಿಯನ್‌ನಲ್ಲಿ ಹಾಗೆ ಆಗಲ್ಲ, ಹೊಸಬರು ಸಿದ್ಧಪಡಿಸಿದ್ದನ್ನು ಹಳಬರೊಬ್ಬರು ಸಾಲುಸಾಲು ಓದಿ ತಮ್ಮ ಸಹಿಯಲ್ಲಿ ಏರಿಸಬೇಕು. ಮೊದಲ ಸಲ ಹತ್ತು ತಪ್ಪು ತೋರಿಸ್ತಾರೆ. ಅದೇ ಪಾಠ.

ಪುಕ್ಕಟೆ ದುಡಿಮೆ ಯಾಕೆ ಅನ್ನೋ ಪ್ರಶ್ನೆ ಮಾತ್ರ ನ್ಯಾಯವಾದದ್ದು. ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ, ತೂಬು ಎತ್ತಿ ಇಳಿಸಿದ ನೀರಗಂಟಿಯ ಹೆಸರು ಸಿಗೋದು ಕಷ್ಟ. ಆದರೂ ಆ ಕಾಲದವರಿಗೆ ಒಂದು ತಿಳಿವಳಿಕೆ ಇತ್ತು. ಕೆರೆ ಕಟ್ಟಿದರೆ ಸಾಲದು, ಹೂಳೆತ್ತಲು, ಏರಿ ಕಾಯಲು ಬೇಕಾದ ಖರ್ಚಿಗೆ ಅಂತ ಬಿತ್ತುವಟ್ಟದಂಥ ಏರ್ಪಾಡು ಮಾಡಿ ಭೂಮಿ ಬಿಡ್ತಿದ್ದರು. ಎಕ್ಸ್‌ಝಡ್ ಬಳಸುತ್ತಿದ್ದ ಸಾವಿರಾರು ಕೋಟಿಯ ಕಂಪನಿಗಳು ಆ ಒಬ್ಬ ಮನುಷ್ಯನಿಗೆ ಏನು ಬಿಟ್ಟಿದ್ದವು? ಕಂಪನಿಗಳು ದುಡ್ಡು ಕೊಡಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಕಾಲೇಜಿನ ಹತ್ತಿರ ದುಡ್ಡಿಲ್ಲ ಅನ್ನೋದೂ ಗೊತ್ತು. ಅದರ ಹತ್ತಿರ ಇರೋದು ಕ್ರೆಡಿಟ್. ಮಿನಿ ಪ್ರಾಜೆಕ್ಟ್ ಪಟ್ಟಿಯಲ್ಲಿ ‘ಚಾಲ್ತಿಯಲ್ಲಿರುವ ಮುಕ್ತ ತಂತ್ರಾಂಶದ ನಿರ್ವಹಣೆ’ ಅಂತ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ. ಮೌಲ್ಯಮಾಪನಕ್ಕೆ ಸಾಕ್ಷಿಯೂ ಸುಲಭ: ಚೇಂಜ್‌ಲಾಗ್‌ನಲ್ಲಿ ದಿನಾಂಕ ಸಮೇತ ಹೆಸರಿರುತ್ತದೆ, ಕದಿಯಲು ಬರಲ್ಲ.

ಒಂದು ಭಯ ನಮಗೂ ಇದೆ. ವಿದ್ಯಾರ್ಥಿಗಳು ನಾಲ್ಕು ವರ್ಷಕ್ಕೆ ಹೊರಟುಹೋಗ್ತಾರೆ. ಇಂದು ಹುರುಪಿನಲ್ಲಿ ಪ್ಯಾಕೇಜ್ ತಗೊಂಡು ಪ್ಲೇಸ್‌ಮೆಂಟ್ ಆದ ಮೇಲೆ ಕೈಬಿಟ್ಟರೆ ಅದು ಎರಡನೇ ಸಲ ಅನಾಥ. ಆದ್ದರಿಂದ ಒಬ್ಬೊಬ್ಬರ ಹೆಸರಿನಲ್ಲಿ ತಗೊಳ್ಳೋದು ಬೇಡ ಅಂತ ನಮ್ಮ ಅಭಿಪ್ರಾಯ. ಡೆಬಿಯನ್‌ನಲ್ಲಿ ಫಾಂಟ್‌ಗಳಿಗೆ ಒಂದು ತಂಡವೇ ಇದೆ, ಅದರ ನೆರಳಿನಲ್ಲಿ ಸೇರಿ ಕೆಲಸ ಮಾಡಬಹುದು. ಐದನೇ ಸೆಮಿಸ್ಟರಿನವರು ಮಾಡುವಾಗ ಮೂರನೆಯವರು ಪಕ್ಕದಲ್ಲಿ ಕೂತಿರಬೇಕು. ರಾಜ್ಯೋತ್ಸವದ ನಾಟಕದ ಪರದೆ, ಡೊಳ್ಳು, ಲೆಕ್ಕದ ಪುಸ್ತಕ ಎಲ್ಲವನ್ನೂ ನಮ್ಮ ಕ್ಲಬ್ಬು ಪ್ರತಿ ವರ್ಷ ಜೂನಿಯರ್‌ಗಳಿಗೆ ದಾಟಿಸುತ್ತಾ ಬಂದಿದೆ. ಅದೇ ಪಟ್ಟಿಗೆ ಇನ್ನೊಂದು ಸೇರಲಿ.

ಶುರು ಮಾಡಲು ಪ್ಯಾಕೇಜ್ ಮಾಡುವುದು ಗೊತ್ತಿರಬೇಕಾಗಿಲ್ಲ. ಡೆಬಿಯನ್ ಟೆಸ್ಟಿಂಗ್ ಹಾಕಿದ ಒಂದು ಯಂತ್ರ, ಗುಬ್ಬಿ, ನವಿಲು, ಲೋಹಿತ್ ಮೂರೂ ಫಾಂಟ್, ಒಂದು ಪುಟ ಕನ್ನಡ ಸಾಕು. ಒತ್ತಕ್ಷರ, ಅರ್ಕಾವತ್ತು, ರ‍್ಯಾ, ಕ್ಷ, ಜ್ಞ, ಮೂರು ವ್ಯಂಜನ ಸೇರಿದ ‘ಸ್ತ್ರ’, ‘ಷ್ಟ್ರ’ ಎಲ್ಲ ಇರುವ ಪುಟವೊಂದನ್ನು ನಾವು ಬರೆಯುತ್ತಿದ್ದೇವೆ. ಅದನ್ನು ಮೂರೂ ಫಾಂಟ್‌ಗಳಲ್ಲಿ, ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ತೆರೆದು, ತಪ್ಪು ಕಂಡ ಕಡೆ ಚಿತ್ರ ತೆಗೆದು, ಸರಿಯಾದದ್ದು ಹೇಗಿರಬೇಕು ಅಂತ ಪಕ್ಕದಲ್ಲಿ ಕೈಯಲ್ಲಿ ಬರೆದು ಕೊಡಿ. ಬಗ್ ವರದಿಯ ಇಂಗ್ಲಿಷ್ ನಾವು ಸೇರಿ ಬರೆಯೋಣ. ಮೆಕ್ಯಾನಿಕಲ್, ಸಿವಿಲ್‌ನವರೂ ಬರಬಹುದು, ಇದಕ್ಕೆ ಬೇಕಿರೋದು ಕನ್ನಡ ಓದುವ ಕಣ್ಣು.